ನಾಚಿಕೆಯಿಂದ ಹೊರಬರಲು ಸ್ವಕರುಣೆ: ಥೆರಪಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಳಸುವ ಬಗೆ

"ನನಗೆ ನಾಚಿಕೆ ಕಾಡುತ್ತಿದೆ" ಎಂದು ಹೇಳಿಕೊಂಡು ಥೆರಪಿಗೆ ಬರುವವರು ಬಹಳ ಕಡಿಮೆ. ನಿದ್ದೆ ಬರುತ್ತಿಲ್ಲ ಎನ್ನುತ್ತಾರೆ. ಜನರ ಮುಂದೆ ಹೋದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ. ಸಿಟ್ಟು ಜಾಸ್ತಿಯಾಗಿದೆ ಎನ್ನುತ್ತಾರೆ. ನಿಜವಾದ ವಿಷಯ ಹೊರಬರುವುದು ಎಷ್ಟೋ ಸೆಷನ್‌ಗಳಾದ ಮೇಲೆ. ಅದೂ ಎದ್ದು ಹೊರಡುವ ಹೊತ್ತಿಗೆ, "ಇನ್ನೊಂದು ಮಾತು ಹೇಳಬೇಕಿತ್ತು..." ಎಂದು. ಕೆಲವರಲ್ಲಿ ಆ ಮಾತು ಬರುವುದೇ ಇಲ್ಲ. ಅವರು ಥೆರಪಿಯನ್ನೇ ಬಿಟ್ಟುಬಿಡುತ್ತಾರೆ.

ಈ ಬರಹ ಮುಖ್ಯವಾಗಿ ಅಂಥವರಿಗಾಗಿ. ನೀವು ಈಗಾಗಲೇ ಥೆರಪಿಯಲ್ಲಿರಬಹುದು, ಅಥವಾ ಹೋಗಬೇಕೆಂದು ಯೋಚಿಸುತ್ತಿರಬಹುದು. ಆಪ್ತಸಮಾಲೋಚನೆ ಮಾಡುವವರಿಗೂ ಕೆಲವು ವಿಷಯ ಉಪಯೋಗಕ್ಕೆ ಬರಬಹುದು.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ನಾಚಿಕೆಯನ್ನು ವಾದ ಮಾಡಿ ಸೋಲಿಸಲು ಆಗುವುದಿಲ್ಲ. ನಿಮ್ಮೊಳಗೆ ನಿಮ್ಮ ಜೊತೆ ಮಾತಾಡುವ ದನಿ ಬದಲಾಗಬೇಕು. ಆ ಬದಲಾವಣೆ ಒಬ್ಬರೇ ಕೂತು ಮಾಡಿಕೊಳ್ಳುವುದು ಕಷ್ಟ. ಇನ್ನೊಬ್ಬರು ಮುಖ ತಿರುಗಿಸದೆ ಕೇಳಿಸಿಕೊಳ್ಳುವಾಗ ಅದು ನಿಧಾನಕ್ಕೆ ಶುರುವಾಗುತ್ತದೆ.

ನಾಚಿಕೆ ಹೇಗೆ ಕೆಲಸ ಮಾಡುತ್ತದೆ

ಇಲ್ಲಿ ನಾಚಿಕೆ ಎಂದರೆ ಹೊಸಬರ ಮುಂದೆ ಆಗುವ ಸಂಕೋಚದ ಬಗ್ಗೆ ಹೇಳುತ್ತಿಲ್ಲ. "ನಾನೇ ಸರಿಯಿಲ್ಲ, ನನ್ನ ನಿಜ ಬಣ್ಣ ಗೊತ್ತಾದರೆ ಯಾರೂ ಹತ್ತಿರ ಸೇರಿಸಲ್ಲ" ಅನ್ನುವ ಆಳದ ಅನಿಸಿಕೆಯ ಬಗ್ಗೆ ಹೇಳುತ್ತಿದ್ದೇನೆ. ತಪ್ಪು ಮಾಡಿದೆ ಎಂಬ ಪಶ್ಚಾತ್ತಾಪ ಇದಕ್ಕಿಂತ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲೇ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದರು. ಪಶ್ಚಾತ್ತಾಪದಲ್ಲಿ, ಮಾಡಿದ ಕೆಲಸದ ಮೇಲೆ ಕಣ್ಣಿರುತ್ತದೆ. ನಾಚಿಕೆಯಲ್ಲಿ ಇಡೀ ವ್ಯಕ್ತಿಯೇ ಅಪರಾಧಿ. ಮಾಡಿದ ಕೆಲಸವನ್ನು ಸರಿಪಡಿಸಬಹುದು. "ನಾನೇ ಕೆಟ್ಟವನು" ಎಂದುಕೊಂಡವರು ಏನನ್ನು ಸರಿಪಡಿಸಬೇಕು? ಅವರಿಗೆ ತಲೆಮರೆಸಿಕೊಳ್ಳುವುದೊಂದೇ ದಾರಿ ಕಾಣುತ್ತದೆ.

ತಲೆಮರೆಸಿಕೊಳ್ಳುವ ಬಗೆಗಳೂ ಒಂದೇ ಥರ ಇರುವುದಿಲ್ಲ. ಮನೋವೈದ್ಯ ಡೊನಾಲ್ಡ್ ನಥಾನ್ಸನ್ 1992ರಲ್ಲಿ ನಾಲ್ಕು ದಿಕ್ಕುಗಳನ್ನು ಹೇಳಿದರು: ಜನರಿಂದ ದೂರ ಸರಿಯುವುದು, ಕುಡಿತ ಅಥವಾ ವಿಪರೀತ ಕೆಲಸದಂಥದ್ದರಲ್ಲಿ ಮರೆಯುವುದು, ತನ್ನನ್ನು ತಾನೇ ಬೈದುಕೊಳ್ಳುವುದು, ಎದುರಿಗಿದ್ದವರ ಮೇಲೆ ಹರಿಹಾಯುವುದು. ಸದಾ ರೇಗುವ ಮನುಷ್ಯನೊಳಗೂ ನಾಚಿಕೆ ಇರಬಹುದು ಎಂಬುದು ಇದರಿಂದ ಅರ್ಥವಾಗುತ್ತದೆ.

ಇನ್ನು ವಾದದ ವಿಷಯ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ತಮ್ಮ ಬಳಿ ಬರುತ್ತಿದ್ದವರಲ್ಲಿ ಒಂದು ಸಂಗತಿ ಗಮನಿಸಿದರು. ಅವರಿಗೆ ತಮ್ಮ ಕೆಟ್ಟ ಯೋಚನೆಗಳಿಗೆ ಸರಿಯಾದ ಉತ್ತರ ಗೊತ್ತಿತ್ತು. ಆದರೆ ಆ ಉತ್ತರವನ್ನೂ ಅವರು ತಮಗೆ ತಾವೇ ಗದರುವ ದನಿಯಲ್ಲೇ ಹೇಳಿಕೊಳ್ಳುತ್ತಿದ್ದರು. "ನಿನ್ನ ತಪ್ಪೇನಿಲ್ಲ ಅಂತ ಗೊತ್ತಿದ್ದೂ ಅಳ್ತೀಯಲ್ಲ, ದಡ್ಡ!" ಅನ್ನುವ ಹಾಗೆ. ತಲೆಗೆ ಗೊತ್ತಿದೆ, ಒಳಗೆ ಇಳಿಯುತ್ತಿಲ್ಲ ಎಂದು ನಾವು ಹೇಳುತ್ತೇವಲ್ಲ, ಅದು ಇದೇ. ಕರುಣೆಯನ್ನೇ ಕೇಂದ್ರವಾಗಿಟ್ಟುಕೊಂಡ ಥೆರಪಿಯನ್ನು ಗಿಲ್ಬರ್ಟ್ ರೂಪಿಸಿದ್ದು ಇದಕ್ಕಾಗಿಯೇ.

ಅವರ ವಿವರಣೆ ಸರಳವಾಗಿದೆ. ನಮ್ಮ ಭಾವನೆಗಳ ಹಿಂದೆ ಮೂರು ವ್ಯವಸ್ಥೆಗಳಿವೆ. ಒಂದು ಅಪಾಯ ಕಂಡಾಗ ಎಚ್ಚರಿಸುತ್ತದೆ. ಇನ್ನೊಂದು ಏನನ್ನಾದರೂ ಪಡೆಯಲು ಓಡಿಸುತ್ತದೆ. ಮೂರನೆಯದು ನೆಮ್ಮದಿ ಕೊಡುತ್ತದೆ. ಯಾರಾದರೂ ಅಕ್ಕರೆಯಿಂದ ನಡೆಸಿಕೊಂಡಾಗ ಮೈ ಸಡಿಲವಾಗುತ್ತದಲ್ಲ, ಅದು ಈ ಮೂರನೆಯದರ ಕೆಲಸ. ನಾಚಿಕೆಯಲ್ಲಿ ಬೆಳೆದವರಲ್ಲಿ ಮೊದಲನೆಯದು ಸದಾ ಎದ್ದು ಕೂತಿರುತ್ತದೆ, ಮೂರನೆಯದಕ್ಕೆ ಅಭ್ಯಾಸವೇ ಇರುವುದಿಲ್ಲ. ನಾವು ನಮ್ಮನ್ನೇ ಬೈದುಕೊಂಡರೂ ದೇಹ ಅದನ್ನು ಹೊರಗಿನ ದಾಳಿಯ ಹಾಗೆಯೇ ಎದುರಿಸುತ್ತದೆ.

ಸ್ವಕರುಣೆಯಲ್ಲಿ ಏನೇನಿದೆ

ಅಮೆರಿಕದ ಸಂಶೋಧಕಿ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಮೂರು ಭಾಗವಾಗಿ ವಿವರಿಸಿದರು. ನೋವಾದಾಗ ತನ್ನನ್ನು ತಾನು ಬೈಯುವ ಬದಲು ಮೃದುವಾಗಿ ನಡೆಸಿಕೊಳ್ಳುವುದು. "ನನಗೊಬ್ಬನಿಗೇ ಹೀಗೆ" ಎಂದುಕೊಳ್ಳದೆ, ಸೋಲು ಮತ್ತು ತಪ್ಪು ಎಲ್ಲ ಮನುಷ್ಯರಿಗೂ ಸೇರಿದ್ದು ಎಂದು ನೆನಪಿಟ್ಟುಕೊಳ್ಳುವುದು. ನೋವನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ, ಇದ್ದ ಹಾಗೆ ಗಮನಿಸುವುದು.

ಇದರಲ್ಲಿ "ಅಯ್ಯೋ ಪಾಪ ನಾನು" ಎಂದು ಮರುಗುತ್ತಾ ಕೂರುವುದು ಸೇರಿಲ್ಲ. ಹಾಗೆ ಮರುಗುವಾಗ ಮನುಷ್ಯ ಇನ್ನಷ್ಟು ಒಂಟಿಯಾಗುತ್ತಾನೆ. "ನಾನು ಬಹಳ ಒಳ್ಳೆಯವಳು, ಬುದ್ಧಿವಂತೆ" ಎಂದು ಹೊಗಳಿಕೊಳ್ಳುವುದೂ ಇದಲ್ಲ. ಹೊಗಳಿಕೆ ಗೆದ್ದ ದಿನ ಸುಲಭವಾಗಿ ಬರುತ್ತದೆ. ಸೋತ ದಿನ ಏನು ಮಾಡುವುದು? ಸ್ವಕರುಣೆ ಬೇಕಾಗುವುದೇ ಆ ದಿನ.

ಹೆಜ್ಜೆ 1: ನೆಲೆ ಗಟ್ಟಿ ಇದೆಯೇ ನೋಡಿಕೊಳ್ಳಿ

ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಈ ಕೆಲಸ ಹೊಂದುವುದಿಲ್ಲ. ಸಾಯಬೇಕು ಅಥವಾ ಮೈಗೆ ಗಾಯ ಮಾಡಿಕೊಳ್ಳಬೇಕು ಎಂಬ ಯೋಚನೆ ಬರುತ್ತಿದ್ದರೆ ಅದನ್ನು ಮೊದಲು ಥೆರಪಿಸ್ಟ್ ಅಥವಾ ವೈದ್ಯರಿಗೆ ಹೇಳಿ. ತಕ್ಷಣದ ಅಪಾಯ ಇದ್ದರೆ ತುರ್ತು ಸೇವೆಗೆ ಕರೆ ಮಾಡಿ, ಒಬ್ಬರೇ ಇರಬೇಡಿ. ಹಳೆಯ ದೌರ್ಜನ್ಯದ ನೆನಪುಗಳು ಇದ್ದಕ್ಕಿದ್ದಂತೆ ನುಗ್ಗಿ ಬರುತ್ತಿದ್ದರೆ, ಮುಂದಿನ ಅಭ್ಯಾಸಗಳನ್ನು ಮನೆಯಲ್ಲಿ ಒಬ್ಬರೇ ಮಾಡುವ ಸಾಹಸ ಬೇಡ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳಿಕೊಳ್ಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮನ್ನು ಈಗಲೂ ಯಾರಾದರೂ ದಿನಾ ಹೀಯಾಳಿಸುತ್ತಿದ್ದಾರಾ? ಹೊಡೆಯುತ್ತಿದ್ದಾರಾ? ಹಾಗಿದ್ದರೆ ಮೊದಲ ಕರುಣೆಯ ಕೆಲಸ ಆ ಸ್ಥಿತಿಯಿಂದ ಸುರಕ್ಷಿತವಾಗಿ ದೂರವಾಗುವ ದಾರಿ ಹುಡುಕುವುದು. ಅನ್ಯಾಯವನ್ನು ಸಹಿಸಿಕೊಳ್ಳಲು ಸ್ವಕರುಣೆಯನ್ನು ಬಳಸಬಾರದು. ಬಣ್ಣ, ಹುಟ್ಟು, ದೇಹ, ಕಾಯಿಲೆ, ಬಡತನ, ಯಾರನ್ನು ಪ್ರೀತಿಸುತ್ತೇವೆ ಎಂಬಂಥ ಕಾರಣಕ್ಕೆ ಸಮಾಜ ಹೊರಿಸಿದ ನಾಚಿಕೆಯೂ ಇರುತ್ತದೆ. ಅದು ಹೊರಗಿನಿಂದ ಬಂದದ್ದು ಎಂದು ಥೆರಪಿಸ್ಟ್ ಬಾಯಿಬಿಟ್ಟು ಹೇಳಬೇಕು.

ಹೆಜ್ಜೆ 2: ವಿಷಯ ಹೇಳುವ ಮೊದಲು, ಹೇಳಲು ಆಗುತ್ತಿಲ್ಲ ಎಂದು ಹೇಳಿ

ನಾಚಿಕೆಯ ವಿಷಯವನ್ನು ಒಂದೇ ಸಲಕ್ಕೆ ಬಿಚ್ಚಿಡಬೇಕಾಗಿಲ್ಲ. ಹಾಗೆ ಮಾಡಿದವರು ಎಷ್ಟೋ ಸಲ ಮುಂದಿನ ವಾರ ಬರುವುದೇ ಇಲ್ಲ. "ಎಲ್ಲ ಹೇಳಿಬಿಟ್ಟೆ, ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ" ಎಂದು ಅನಿಸುತ್ತದೆ. ಅದರ ಬದಲು ಹೀಗೆ ಶುರು ಮಾಡಿ:

"ಹೇಳಬೇಕಾದ ಒಂದು ವಿಷಯ ಇದೆ. ಈಗಲೇ ಹೇಳಲು ಆಗುವುದಿಲ್ಲ. ಹೇಳಿದರೆ ನೀವು ನನ್ನನ್ನು ಬೇರೆ ಥರ ನೋಡುತ್ತೀರಿ ಅನ್ನುವ ಭಯ."

ಇಷ್ಟು ಹೇಳಿದರೆ ಆ ದಿನಕ್ಕೆ ಸಾಕು. ವಿಷಯ ಏನೆಂದು ಗೊತ್ತಾಗದೆಯೇ ಥೆರಪಿಸ್ಟ್ ನಿಮ್ಮ ಜೊತೆ ಆ ಭಯದ ಬಗ್ಗೆ ಮಾತಾಡಬಹುದು. "ನಾನು ಹೇಗೆ ನೋಡಬಹುದು ಅನಿಸುತ್ತದೆ? ಹಿಂದೆ ಯಾರಾದರೂ ಹಾಗೆ ನೋಡಿದ್ದರಾ?" ಎಂದು ಅವರು ಕೇಳಬಹುದು. ಆ ಪ್ರಶ್ನೆಯಿಂದಲೇ ಕೆಲಸ ಶುರುವಾಗುತ್ತದೆ. ಮಾತಾಡುವಾಗ ಕಣ್ಣು ಕೂಡಿಸಲು ಕಷ್ಟವಾದರೆ ಅದನ್ನೂ ಹೇಳಿ. ಕುರ್ಚಿ ಸ್ವಲ್ಪ ಓರೆಗೆ ತಿರುಗಿಸಿಕೊಂಡು ಕೂರಬಹುದು, ಬರೆದು ತಂದು ಕೊಡಬಹುದು.

ಹೇಳಿದ ಮೇಲೆ ಒಮ್ಮೆ ತಲೆ ಎತ್ತಿ ಅವರ ಮುಖ ನೋಡಿ. ಇದು ಕಷ್ಟ, ಆದರೂ ಬಹಳ ಮುಖ್ಯ. ಅಸಹ್ಯ ಕಾಣುತ್ತದೆ ಎಂದು ನಾಚಿಕೆ ಮೊದಲೇ ಹೇಳಿಬಿಟ್ಟಿರುತ್ತದೆ. ನೋಡದೆ ಇದ್ದರೆ ಆ ಮಾತು ಸುಳ್ಳೆಂದು ತಿಳಿಯುವ ಅವಕಾಶ ತಪ್ಪಿಹೋಗುತ್ತದೆ. ನಿಜಕ್ಕೂ ಅವರು ನಿಮ್ಮನ್ನು ಕೀಳಾಗಿ ನೋಡಿದರು ಅಥವಾ ತೀರ್ಪು ಕೊಟ್ಟರು ಎನಿಸಿದರೆ ಅದನ್ನು ಅವರ ಮುಂದೆಯೇ ಎತ್ತಿ. ಒಳ್ಳೆಯ ಥೆರಪಿಸ್ಟ್ ಆ ಮಾತನ್ನು ಗೌರವದಿಂದ ಕೇಳುತ್ತಾರೆ. ಕೇಳದವರನ್ನು ಬಿಟ್ಟು ಬೇರೆಯವರನ್ನು ಹುಡುಕಲು ನಿಮಗೆ ಪೂರ್ತಿ ಹಕ್ಕಿದೆ.

ಹೆಜ್ಜೆ 3: ಚಿಕ್ಕದರಿಂದ ಶುರು ಮಾಡಿ

ನಾಚಿಕೆಯಾದ ಘಟನೆಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡಿ. ನೆನೆದರೆ ಮುಖ ಬಿಸಿಯಾಗಿ ಹೋಗಿಬಿಡುತ್ತದೆ ಅಷ್ಟೇ ಅನ್ನುವಂಥದ್ದು ಮೂರು. ನೆನೆದರೆ ಉಸಿರೇ ನಿಲ್ಲುವಂಥದ್ದು ಹತ್ತು. ಅಭ್ಯಾಸಕ್ಕೆ ಮೂರು ಅಥವಾ ನಾಲ್ಕರ ಘಟನೆಯನ್ನೇ ಆರಿಸಿಕೊಳ್ಳಿ. ಮೀಟಿಂಗಿನಲ್ಲಿ ಮಾತು ತಡವರಿಸಿದ್ದು, ಕಳಿಸಬಾರದವರಿಗೆ ಮೆಸೇಜ್ ಕಳಿಸಿದ್ದು, ಇಂಥವು. ಹತ್ತರದ್ದಕ್ಕೆ ಕೈ ಹಾಕುವ ಅವಸರ ಬೇಡ.

ಆ ಘಟನೆಯನ್ನು ಥೆರಪಿಸ್ಟ್ ಜೊತೆ ನಿಧಾನವಾಗಿ ನೋಡಿ. ಮೈಯಲ್ಲಿ ಎಲ್ಲಿ ಏನಾಯಿತು? ಹೊಟ್ಟೆ ಹಿಂಡಿತಾ, ಭುಜ ಕುಗ್ಗಿತಾ? ಒಳಗಿನ ದನಿ ಯಾವ ಪದ ಬಳಸಿತು? ಆಮೇಲೆ ನೀವು ಏನು ಮಾಡಿದಿರಿ: ಎದ್ದು ಹೋದಿರಾ, ನಗೆಯಾಡಿ ಮರೆಸಿದಿರಾ, ಯಾರ ಮೇಲಾದರೂ ರೇಗಿದಿರಾ? ಮೂರು ನಾಲ್ಕು ಘಟನೆ ಹೀಗೆ ನೋಡಿದರೆ ನಿಮ್ಮದೇ ಆದ ಒಂದು ಜಾಡು ಕಾಣಿಸುತ್ತದೆ. "ಓ, ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ" ಎಂದು ಗೊತ್ತಾದವರಿಗೆ ಸಿಟ್ಟು ಬರುವ ಮೊದಲೇ ಹಿಡಿದುಕೊಳ್ಳುವ ಅವಕಾಶ ಸಿಗುತ್ತದೆ.

ಹೆಜ್ಜೆ 4: ಮಾತಿಗಿಂತ ಮೊದಲು ಮೈ

ಬಹಳ ಜನ ಇಲ್ಲೇ ಆತುರ ಮಾಡುತ್ತಾರೆ. ದೇಹ ಅಪಾಯದ ಸ್ಥಿತಿಯಲ್ಲಿರುವಾಗ ಎಂಥ ಮೃದುವಾದ ಮಾತೂ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಕರುಣೆಯ ಮಾತು ಹುಡುಕುವ ಮೊದಲು ದೇಹಕ್ಕೆ ಸ್ವಲ್ಪ ನೆಮ್ಮದಿ ಕೊಡಬೇಕು.

ಎರಡೂ ಪಾದ ನೆಲಕ್ಕೆ ಊರಿ ಕೂರಿ. ಬೆನ್ನು ನೇರ ಇರಲಿ, ಬಿಗಿ ಬೇಡ. ನಾಚಿಕೆಯಲ್ಲಿ ಎದೆ ಒಳಕ್ಕೆ ಬಾಗುತ್ತದೆ, ತಲೆ ತಗ್ಗುತ್ತದೆ. ಭುಜವನ್ನು ಸ್ವಲ್ಪ ಹಿಂದಕ್ಕೆ ತಂದು ಎದೆಗೆ ಜಾಗ ಕೊಡಿ. ಉಸಿರನ್ನು ನಿಧಾನ ಮಾಡಿ. ಒಳಗೆ ಎಳೆದುಕೊಳ್ಳಲು ಸುಮಾರು ಐದು ಸೆಕೆಂಡು, ಬಿಡಲು ಐದು ಸೆಕೆಂಡು. ನಿಮಿಷಕ್ಕೆ ಐದಾರು ಉಸಿರು. ಲೆಕ್ಕ ಹಾಕುವುದೇ ತಲೆಬಿಸಿಯಾದರೆ ಲೆಕ್ಕ ಬಿಟ್ಟುಬಿಡಿ, ಹೊರಗೆ ಬಿಡುವ ಉಸಿರು ನಿಧಾನವಾದರೆ ಸಾಕು. ಮುಖದ ಬಿಗಿ ಸಡಿಲಿಸಿ, ಇಷ್ಟದವರನ್ನು ಕಂಡಾಗ ಬರುವ ಸಣ್ಣ ನಗು ತಂದುಕೊಳ್ಳಿ. ಆಮೇಲೆ ಒಂದು ಕೈಯನ್ನು ಎದೆಯ ಮೇಲೋ ಕೆನ್ನೆಯ ಮೇಲೋ ಇಟ್ಟು ಅದರ ಬಿಸುಪನ್ನು ಗಮನಿಸಿ.

ಮೈ ಮುಟ್ಟಿಕೊಳ್ಳುವುದು ಎಲ್ಲರಿಗೂ ಹಿತವಾಗಿರುವುದಿಲ್ಲ. ದೇಹದ ಮೇಲೆ ದೌರ್ಜನ್ಯ ನಡೆದವರಿಗೆ ಅದು ಹಿಂಸೆಯೂ ಆಗಬಹುದು. ಅಂಥವರು ಪಾದ ನೆಲಕ್ಕೆ ತಾಗುವುದನ್ನು ಗಮನಿಸಬಹುದು, ಅಥವಾ ಒಂದು ಮೆತ್ತನೆಯ ಬಟ್ಟೆ ಹಿಡಿದುಕೊಳ್ಳಬಹುದು. ಉಸಿರಿನ ಕಡೆ ಗಮನ ಕೊಟ್ಟರೆ ಗಾಬರಿ ಹೆಚ್ಚುವವರು ಕಣ್ಣು ತೆರೆದು ಕಿಟಕಿಯಾಚೆ ನೋಡಬಹುದು.

ಇದನ್ನು ಮೊದಲು ಸೆಷನ್ನಿನಲ್ಲಿ ಮಾಡಿ. ಮನೆಯಲ್ಲಿ ದಿನಾ ಕೆಲವು ನಿಮಿಷ, ಏನೂ ತೊಂದರೆ ಇಲ್ಲದ ಹೊತ್ತಿನಲ್ಲೇ ಅಭ್ಯಾಸ ಮಾಡಿ. ನಾಚಿಕೆ ಉಕ್ಕಿ ಬಂದಾಗ ಮೊದಲ ಸಲ ಮಾಡಲು ಹೋದರೆ ಕೈಗೆ ಹತ್ತುವುದಿಲ್ಲ.

ಹೆಜ್ಜೆ 5: ಬೈಯುವ ದನಿಯನ್ನು ಕೇಳಿಸಿಕೊಳ್ಳಿ

ಒಳಗೆ ಕೂತು ಬೈಯುವ ದನಿಯನ್ನು ಓಡಿಸುವುದು ಇಲ್ಲಿನ ಗುರಿಯಲ್ಲ. ಅದು ಏಕೆ ಬೈಯುತ್ತಿದೆ ಎಂದು ತಿಳಿಯಬೇಕು. ಗಿಲ್ಬರ್ಟ್ ಮತ್ತು ಅವರ ಜೊತೆಗಾರರು 2004ರಲ್ಲಿ ಮಾಡಿದ ಅಧ್ಯಯನದಲ್ಲಿ ಈ ದನಿಯ ಎರಡು ಬಗೆಗಳನ್ನು ಬೇರೆ ಮಾಡಿ ತೋರಿಸಿದರು. ಒಂದು, "ನೀನು ಸಾಲದು, ಇನ್ನೂ ಚೆನ್ನಾಗಿ ಮಾಡು" ಅನ್ನುವ ದನಿ. ಇನ್ನೊಂದು, "ನೀನು ಇರಲೇಬಾರದು" ಅನ್ನುವ ದ್ವೇಷದ ದನಿ. ಎರಡನೆಯದು ಹೆಚ್ಚು ಅಪಾಯದ್ದು. ಅದು ಕೇಳುತ್ತಿದ್ದರೆ ಥೆರಪಿಸ್ಟ್‌ಗೆ ತಿಳಿಸಲೇಬೇಕು.

ಮೊದಲ ಬಗೆಯ ದನಿಯ ಜೊತೆ ಮಾಡಬಹುದಾದ ಒಂದು ಅಭ್ಯಾಸ ಇದೆ. ಥೆರಪಿಸ್ಟ್ ಎರಡು ಕುರ್ಚಿ ಎದುರುಬದುರು ಇಡುತ್ತಾರೆ. ಒಂದರಲ್ಲಿ ಕೂತು ನೀವು ಬೈಯುವ ದನಿಯಾಗಿ ಮಾತಾಡುತ್ತೀರಿ. ಅದು ದಿನಾ ಒಳಗೆ ಹೇಳುವುದನ್ನು ಬಾಯಿಬಿಟ್ಟು ಹೇಳುತ್ತೀರಿ. ಆಮೇಲೆ ಎದ್ದು ಎದುರಿನ ಕುರ್ಚಿಯಲ್ಲಿ ಕೂತು, ಆ ಮಾತು ಕೇಳಿಸಿಕೊಂಡವರಿಗೆ ಹೇಗಾಯಿತು ಎಂದು ಹೇಳುತ್ತೀರಿ. ಎಷ್ಟೋ ಜನರಿಗೆ ತಮ್ಮ ಮೇಲೆ ತಾವು ಎಷ್ಟು ಕ್ರೂರವಾಗಿದ್ದೇವೆ ಎಂಬುದು ಮೊದಲ ಸಲ ಗೊತ್ತಾಗುವುದು ಈ ಎರಡನೇ ಕುರ್ಚಿಯಲ್ಲಿ.

ಆಮೇಲೆ ಬೈಯುವ ದನಿಗೆ ಒಂದು ಪ್ರಶ್ನೆ: "ನೀನು ಬೈಯುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ನಿನಗೆ ಭಯ?" ಉತ್ತರ ಬರಲು ಸಮಯ ಕೊಡಿ. "ಸೋಮಾರಿಯಾಗುತ್ತಾಳೆ." "ಮತ್ತೆ ಎಲ್ಲರೂ ನಗುತ್ತಾರೆ." "ಮನೆಯವರು ಕೈಬಿಡುತ್ತಾರೆ." ಬೈಗುಳದ ಅಡಿಯಲ್ಲಿ ಹೆಚ್ಚಾಗಿ ಭಯವೇ ಇರುತ್ತದೆ. ಚಿಕ್ಕಂದಿನಲ್ಲಿ ಬೇರೆಯವರು ಬೈಯುವ ಮೊದಲೇ ತಾನು ಬೈದುಕೊಂಡರೆ ಪೆಟ್ಟು ಕಡಿಮೆ ಬೀಳುತ್ತಿತ್ತು ಅನ್ನುವವರೂ ಇದ್ದಾರೆ. ಆ ವಯಸ್ಸಿನಲ್ಲಿ ಅದು ಜಾಣತನವೇ ಆಗಿತ್ತು. ಹಾಗೆಂದು ಅರ್ಥವಾದಾಗ ಆ ದನಿಯ ಮೇಲೂ ಸ್ವಲ್ಪ ಕನಿಕರ ಹುಟ್ಟುತ್ತದೆ.

ಹೆಜ್ಜೆ 6: ಕರುಣೆಯ ದನಿಯನ್ನು ಹುಡುಕಿ

ಎಲ್ಲರೂ ಹೇಳುವ ದಾರಿ ಒಂದಿದೆ. ಇದೇ ಕಷ್ಟ ನಿಮ್ಮ ಸ್ನೇಹಿತರಿಗೆ ಬಂದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸುವುದು. ಇದು ಒಳ್ಳೆಯ ದಾರಿಯೇ. ಆದರೆ ಮಾತನ್ನು ಮಾತ್ರ ಬರೆದುಕೊಂಡು ನಿಲ್ಲಬೇಡಿ. ಸ್ನೇಹಿತೆಗೆ ಹೇಳುವಾಗ ನಿಮ್ಮ ದನಿ ಹೇಗಿರುತ್ತದೆ? ಮುಖ ಹೇಗಿರುತ್ತದೆ? ಸೆಷನ್ನಿನಲ್ಲಿ ಆ ಮಾತನ್ನು ಅದೇ ದನಿಯಲ್ಲಿ ಜೋರಾಗಿ ಹೇಳಿ. ನಂತರ ಅದೇ ಮಾತನ್ನು ನಿಮ್ಮ ಹೆಸರು ಸೇರಿಸಿ ಹೇಳಿ. ಅಲ್ಲಿ ಗಂಟಲು ಕಟ್ಟಿದರೆ ಆಶ್ಚರ್ಯವಿಲ್ಲ.

ಇನ್ನೊಂದು ದಾರಿ, ಒಂದು ರೂಪವನ್ನು ಕಲ್ಪಿಸಿಕೊಳ್ಳುವುದು. ನಿಮ್ಮ ಬಗ್ಗೆ ಎಲ್ಲ ಗೊತ್ತಿದ್ದೂ ನಿಮ್ಮ ಒಳಿತನ್ನೇ ಬಯಸುವ ಯಾರೋ ಒಬ್ಬರು. ಅವರಲ್ಲಿ ವಿವೇಕ ಇರಬೇಕು, ಗಟ್ಟಿತನ ಇರಬೇಕು, ಅಕ್ಕರೆ ಇರಬೇಕು. ಮನುಷ್ಯರೇ ಆಗಬೇಕಿಲ್ಲ, ಒಂದು ಹಳೆಯ ಮರವೂ ಆಗಬಹುದು. ನಿಮಗೆ ನೋವು ಕೊಟ್ಟವರ ನೆನಪು ತರುವ ರೂಪವನ್ನು ಮಾತ್ರ ಆರಿಸಬೇಡಿ. ಕಲ್ಪನೆ ಸ್ಪಷ್ಟವಾಗಿ ಕಾಣದಿದ್ದರೂ ಚಿಂತೆಯಿಲ್ಲ. ಅವರು ನಿಮ್ಮ ಪಕ್ಕದಲ್ಲಿದ್ದಾರೆ ಎಂಬ ಅನಿಸಿಕೆ ಸಾಕು.

ಏನೂ ಅನಿಸಲಿಲ್ಲ ಎಂದರೆ? ಅದೂ ಸರಿಯೇ. ಭಾವನೆ ಬರುವ ಮೊದಲು ಇಚ್ಛೆ ಬರುತ್ತದೆ. "ನನ್ನ ಮೇಲೆ ನನಗೆ ಪ್ರೀತಿ ಇಲ್ಲ, ಆದರೆ ನನ್ನನ್ನು ಇಷ್ಟು ಹಿಂಸಿಸುವುದು ನಿಲ್ಲಲಿ ಎಂದು ಬಯಸುತ್ತೇನೆ" ಎಂದು ಹೇಳಲು ಸಾಧ್ಯವಾದರೆ ಅಭ್ಯಾಸ ಶುರುವಾಗಿದೆ.

ಕರುಣೆಯೇ ಉರಿ ತಂದಾಗ

ಇದನ್ನು ಒಂದು ಹೆಜ್ಜೆ ಎಂದು ಕರೆಯುತ್ತಿಲ್ಲ, ಏಕೆಂದರೆ ಯಾವ ಹಂತದಲ್ಲಾದರೂ ಇದು ಎದುರಾಗಬಹುದು. ಮೃದುವಾದ ಮಾತು ಕೇಳಿದ ಕೂಡಲೇ ಅಳು ನುಗ್ಗುತ್ತದೆ. ಅಥವಾ ಸಿಟ್ಟು, ಜುಗುಪ್ಸೆ, ಇದ್ದಕ್ಕಿದ್ದಂತೆ ಮರಗಟ್ಟಿದ ಭಾವ. "ನನಗೆ ಇದೆಲ್ಲ ಆಗಲ್ಲ" ಎಂದು ಎದ್ದು ಹೋಗಬೇಕು ಎನಿಸುತ್ತದೆ.

ಕ್ರಿಸ್ಟೋಫರ್ ಗರ್ಮರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸಲು ಅಗ್ನಿಶಾಮಕ ಸಿಬ್ಬಂದಿಯ ಅನುಭವವನ್ನು ಬಳಸುತ್ತಾರೆ. ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲದೆ ಬೆಂಕಿ ಕುಗ್ಗಿರುತ್ತದೆ. ಬಾಗಿಲು ತೆರೆದ ಕ್ಷಣ ಹೊಸ ಗಾಳಿ ಒಳನುಗ್ಗಿ ಬೆಂಕಿ ಹೊರಕ್ಕೆ ಭುಗಿಲೇಳುತ್ತದೆ. ಪ್ರೀತಿ ಒಳಗೆ ಬಂದಾಗ, ಅದಿಲ್ಲದೆ ಕಳೆದ ದಿನಗಳ ನೋವು ಹೀಗೆಯೇ ಏಳುತ್ತದೆ. ಅಂದರೆ ನೀವು ಅಭ್ಯಾಸವನ್ನು ತಪ್ಪಾಗಿ ಮಾಡುತ್ತಿಲ್ಲ.

ಕರುಣೆಗೆ ಹೆದರುವುದು ನಿಮ್ಮೊಬ್ಬರ ವಿಚಿತ್ರವೂ ಅಲ್ಲ. 2011ರಲ್ಲಿ ಗಿಲ್ಬರ್ಟ್ ತಂಡ ಈ ಹೆದರಿಕೆಯನ್ನು ಅಳೆಯಲೆಂದೇ ಪ್ರಶ್ನಾವಳಿ ಮಾಡಿತು. ಬೇರೆಯವರಿಗೆ ಕರುಣೆ ತೋರುವ ಭಯ, ಬೇರೆಯವರಿಂದ ಪಡೆಯುವ ಭಯ, ತನಗೆ ತಾನೇ ಕೊಟ್ಟುಕೊಳ್ಳುವ ಭಯ, ಹೀಗೆ ಮೂರು ಬಗೆ. ಅಕ್ಕರೆ ತೋರಿದವರೇ ನೋಯಿಸಿದ ಮನೆಯಲ್ಲಿ ಬೆಳೆದವರಿಗೆ ಅಕ್ಕರೆ ಎಂದರೆ ಅಪಾಯದ ಮುನ್ಸೂಚನೆ. ಅವರ ಮೈ ಬಿಗಿಯಾಗುವುದರಲ್ಲಿ ಅರ್ಥವಿದೆ.

ಹೀಗಾದಾಗ ಅಭ್ಯಾಸವನ್ನು ಕಡಿಮೆ ಮಾಡಿ. ಹತ್ತು ನಿಮಿಷದ ಬದಲು ಅರ್ಧ ನಿಮಿಷ. ಮೃದು ಮಾತು ಬಿಟ್ಟು ಪಾದದ ಕಡೆ ಗಮನ ಕೊಡಿ. ಎದ್ದು ನೀರು ಕುಡಿಯಿರಿ, ಸ್ವಲ್ಪ ನಡೆಯಿರಿ. ಸುಮ್ನೆ ಹಲ್ಲು ಕಚ್ಚಿ ಮುಂದುವರಿಸುವುದು ಬೇಡ. "ಈಗ ನನಗೆ ಏನು ಬೇಕು?" ಎಂದು ಕೇಳಿಕೊಂಡು ಅಭ್ಯಾಸ ನಿಲ್ಲಿಸಿದರೆ ಆ ನಿಲ್ಲಿಸುವುದರಲ್ಲೂ ಕರುಣೆ ಇದೆ. ಥೆರಪಿಸ್ಟ್‌ಗಳಿಗೆ ನನ್ನ ಕೋರಿಕೆ ಇದು: ಈ ವಿಷಯವನ್ನು ಮೊದಲೇ ತಿಳಿಸಿಡಿ. ಮುಂಚೆ ಗೊತ್ತಿದ್ದವರು ಹೆದರಿ ಓಡುವುದಿಲ್ಲ.

ಹೆಜ್ಜೆ 7: ನಾಚಿಕೆಯನ್ನೂ ಕರುಣೆಯನ್ನೂ ಒಟ್ಟಿಗೆ ತನ್ನಿ

ಮೈ ಸ್ವಲ್ಪ ಸಡಿಲವಾಗುವುದು ಗೊತ್ತಾಯಿತು, ಕರುಣೆಯ ದನಿ ಮಂಕಾಗಿಯಾದರೂ ಸಿಕ್ಕಿತು. ಈಗ ಮೂರನೇ ಹೆಜ್ಜೆಯಲ್ಲಿ ಆರಿಸಿದ ಚಿಕ್ಕ ಘಟನೆಗೆ ಬನ್ನಿ. ಮೊದಲು ನಿಧಾನ ಉಸಿರು. ಆಮೇಲೆ ಆ ದೃಶ್ಯವನ್ನು ನೆನಪಿಗೆ ತಂದು, ಮೈಯಲ್ಲಿ ನಾಚಿಕೆ ಎದ್ದ ಜಾಗವನ್ನು ಗಮನಿಸಿ. ಅಲ್ಲಿಗೆ ಮೂರು ಮಾತು: "ಇದು ನೋವು." "ಇಂಥದ್ದು ಮನುಷ್ಯರಿಗೆಲ್ಲ ಆಗುತ್ತದೆ." "ಈ ಹೊತ್ತು ನನ್ನ ಜೊತೆ ನಾನು ಮೃದುವಾಗಿರುತ್ತೇನೆ." ನಿಮ್ಮ ಮನೆಮಾತಿನಲ್ಲಿ, ನೀವು ನಿಜವಾಗಿ ಆಡುವ ಪದಗಳಲ್ಲಿ ಹೇಳಿ. ಪುಸ್ತಕದ ಮಾತು ನಾಚಿಕೆಯನ್ನು ತಾಕುವುದಿಲ್ಲ.

ನಾಚಿಕೆ ಎರಡು ಅಂಕ ಇಳಿದರೆ ಒಳ್ಳೆಯದು. ಇಳಿಯದಿದ್ದರೂ ಅದರ ಜೊತೆ ಒಂದು ನಿಮಿಷ ಕೂತಿದ್ದಿರಿ, ಅಲ್ವಾ? ಮೊದಲು ಅದೂ ಆಗುತ್ತಿರಲಿಲ್ಲ. ಕೆಲವು ವಾರ ಹೀಗೆ ಮಾಡಿದ ಮೇಲೆ ಥೆರಪಿಸ್ಟ್ ಜೊತೆ ಮಾತಾಡಿ ಐದು, ಆರು ಅಂಕದ ಘಟನೆಗೆ ಹೋಗಿ.

ಹೆಜ್ಜೆ 8: ಪತ್ರ ಬರೆಯಿರಿ

ನನಗೆ ಬಹಳ ಇಷ್ಟವಾದ ಅಭ್ಯಾಸ ಇದು. ಕರುಣೆಯ ದನಿಯಿಂದ ನಿಮಗೇ ಒಂದು ಪತ್ರ. ಮಾತು ತೊದಲುತ್ತಿದ್ದ ಮಗುವೊಂದನ್ನು ತರಗತಿಯಲ್ಲಿ ಎಲ್ಲರ ಮುಂದೆ ಹಾಸ್ಯ ಮಾಡಿದ್ದರು ಎಂದುಕೊಳ್ಳಿ. ಆ ಮಗು ಈಗ ದೊಡ್ಡವನಾಗಿ ಫೋನಿನಲ್ಲಿ ಮಾತಾಡಲೂ ಹಿಂಜರಿಯುತ್ತಾನೆ. ಅವನು ಹೀಗೆ ಬರೆಯಬಹುದು:

"ಆ ದಿನ ಎಲ್ಲರೂ ನಕ್ಕಾಗ ನಿನಗೆ ಎಷ್ಟು ಹಿಂಸೆಯಾಯಿತು ಎಂದು ನನಗೆ ಗೊತ್ತು. ನಿನಗಿನ್ನೂ ಹತ್ತು ವರ್ಷ. ತೊದಲುವುದು ನೀನು ಬೇಕೆಂದು ಮಾಡಿದ್ದಲ್ಲ. ನಿನ್ನ ಪರವಾಗಿ ಒಂದು ಮಾತಾಡುವವರು ಅಲ್ಲಿ ಇರಬೇಕಿತ್ತು, ಇರಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಈಗಲೂ ಫೋನ್ ರಿಂಗಾದರೆ ಹೊಟ್ಟೆ ಹಿಂಡುತ್ತದೆ. ಈ ವಾರ ಒಬ್ಬರಿಗೆ, ಪರಿಚಯದವರಿಗೇ, ಒಂದು ಫೋನ್ ಮಾಡಿ ನೋಡೋಣ. ತೊದಲಿದರೆ ತೊದಲಲಿ. ನಾನು ಜೊತೆಗಿದ್ದೇನೆ."

ಇದರಲ್ಲಿ ಹೊಗಳಿಕೆ ಇಲ್ಲ. ಉಪದೇಶ ಇಲ್ಲ. ನೋವನ್ನು ಒಪ್ಪಿಕೊಂಡಿದೆ, ಅದು ಏಕೆ ಹುಟ್ಟಿತು ಎಂದು ಹೇಳಿದೆ, ಕೊನೆಗೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸಿದೆ. ಬರೆದ ಮೇಲೆ ಓದಿ ನೋಡಿ. "ನೀನು ಧೈರ್ಯ ತಂದುಕೊಳ್ಳಬೇಕು" ಎಂಬಂಥ ಸಾಲುಗಳು ನುಸುಳಿದ್ದರೆ ಬೈಯುವ ದನಿ ವೇಷ ಬದಲಿಸಿ ಬಂದಿದೆ ಎಂದರ್ಥ. ಆ ಸಾಲನ್ನು ಮತ್ತೆ ಬರೆಯಿರಿ.

ಪತ್ರವನ್ನು ಸೆಷನ್ನಿಗೆ ತಂದು ಗಟ್ಟಿಯಾಗಿ ಓದಿ. ಆಮೇಲೆ ಥೆರಪಿಸ್ಟ್ ನಿಮಗೆ ಓದಿ ಹೇಳಲಿ. ನಿಮ್ಮದೇ ಮಾತು ಇನ್ನೊಬ್ಬರ ಬಾಯಲ್ಲಿ, ಅಕ್ಕರೆಯ ದನಿಯಲ್ಲಿ ಕೇಳಿದಾಗ ಆಗುವ ಪರಿಣಾಮವೇ ಬೇರೆ.

ಹೆಜ್ಜೆ 9: ನಿಜವಾಗಿ ತಪ್ಪು ಮಾಡಿದ್ದರೆ

ಕೆಲವರ ನಾಚಿಕೆಯ ಹಿಂದೆ ನಿಜವಾದ ತಪ್ಪು ಇರುತ್ತದೆ. ಸುಳ್ಳು ಹೇಳಿ ಹಣ ಪಡೆದಿದ್ದಾರೆ. ಮಗುವಿನ ಮೇಲೆ ಕೈ ಮಾಡಿದ್ದಾರೆ. ನಂಬಿದವರಿಗೆ ಮೋಸ ಮಾಡಿದ್ದಾರೆ. ಅವರು ಕೇಳುವ ಪ್ರಶ್ನೆ ಸರಿಯಾದದ್ದೇ: "ನನಗೆ ನಾನೇ ಕರುಣೆ ತೋರಿಸಿದರೆ ತಪ್ಪನ್ನು ಮುಚ್ಚಿಹಾಕಿದಂತೆ ಆಗುವುದಿಲ್ಲವೇ?"

ಆಗುವುದಿಲ್ಲ. ಸಂಶೋಧಕಿಯರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ತಪ್ಪನ್ನು ಸ್ವಕರುಣೆಯಿಂದ ನೋಡಿದವರಲ್ಲಿ ಅದನ್ನು ಸರಿಪಡಿಸುವ, ಮತ್ತೆ ಮಾಡದಿರುವ ಹಂಬಲ ಹೆಚ್ಚಿತ್ತು. ಯೋಚಿಸಿದರೆ ಇದು ಸಹಜ. ಇಡೀ ತಾನೇ ಕೆಟ್ಟವನು ಎಂದುಕೊಂಡವರಿಗೆ ತಪ್ಪನ್ನು ನೇರವಾಗಿ ನೋಡುವ ತಾಕತ್ತು ಇರುವುದಿಲ್ಲ. ಅವರು ನೆಪ ಹೇಳುತ್ತಾರೆ, ಬೇರೆಯವರ ಮೇಲೆ ಹಾಕುತ್ತಾರೆ, ಇಲ್ಲವೇ ಕುಸಿದು ಕೂರುತ್ತಾರೆ. ನೊಂದವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಆದ್ದರಿಂದ ಇಲ್ಲಿನ ಕೆಲಸ ನಾಚಿಕೆಯಿಂದ ಪಶ್ಚಾತ್ತಾಪಕ್ಕೆ ಬರುವುದು. "ನಾನು ಪಾಪಿ" ಅನ್ನುವ ಸಾಲನ್ನು ತೆಗೆದು, ಏನು ಮಾಡಿದೆ, ಯಾರಿಗೆ ಏನು ನಷ್ಟವಾಯಿತು ಎಂದು ಸ್ಪಷ್ಟವಾಗಿ ಬರೆಯಿರಿ. ಆ ಹೊತ್ತಿನಲ್ಲಿ ನಿಮ್ಮೊಳಗೆ ಏನು ನಡೆಯುತ್ತಿತ್ತು ಎಂದೂ ಬರೆಯಿರಿ. ಕಾರಣ ತಿಳಿಯುವುದು ಬೇರೆ, ನೆಪ ಹುಡುಕುವುದು ಬೇರೆ. ಆಮೇಲೆ ಏನು ಸರಿಪಡಿಸಬಹುದು ಎಂದು ಥೆರಪಿಸ್ಟ್ ಜೊತೆ ಯೋಚಿಸಿ: ಕ್ಷಮೆ ಕೇಳುವುದು, ಹಣ ಹಿಂದಿರುಗಿಸುವುದು, ಸಿಟ್ಟಿಗೆ ಚಿಕಿತ್ಸೆ ಪಡೆಯುವುದು. ಕ್ಷಮೆ ಸಿಗಲೇಬೇಕು ಎಂದು ಎದುರಿನವರನ್ನು ಒತ್ತಾಯಿಸಬೇಡಿ. ಅವರಿಗೆ ನಿಮ್ಮನ್ನು ಕಾಣುವುದೇ ಬೇಡವಾಗಿದ್ದರೆ ಅದನ್ನು ಗೌರವಿಸುವುದೂ ಹೊಣೆಗಾರಿಕೆಯೇ.

ಹೆಜ್ಜೆ 10: ಕೋಣೆಯಿಂದ ಆಚೆಗೆ

ಥೆರಪಿಸ್ಟ್ ಒಬ್ಬರಿಗೆ ಹೇಳಿದ ಮೇಲೂ "ಅವರ ಕೆಲಸವೇ ಅದು, ಅದಕ್ಕೇ ಒಪ್ಪಿಕೊಂಡರು" ಎಂದು ನಾಚಿಕೆ ಹೇಳಬಹುದು. ಹಾಗಾಗಿ ಎಂದೋ ಒಂದು ದಿನ ನಂಬಿಕೆಯ ಇನ್ನೊಬ್ಬರಿಗೆ ಸ್ವಲ್ಪ ಹೇಳಿ ನೋಡುವುದು ಒಳ್ಳೆಯದು. ಯಾರಿಗೆ ಎಂಬುದನ್ನು ಚೆನ್ನಾಗಿ ಯೋಚಿಸಿ. ಹಿಂದೆ ಸಣ್ಣ ಗುಟ್ಟನ್ನು ಕಾಪಾಡಿದವರು, ತಕ್ಷಣ ಬುದ್ಧಿ ಹೇಳಲು ಶುರು ಮಾಡದವರು.

ಗುಂಪು ಥೆರಪಿಯೂ ಇದೆ. ಗಿಲ್ಬರ್ಟ್ ಮತ್ತು ಸ್ಯೂ ಪ್ರಾಕ್ಟರ್ 2006ರಲ್ಲಿ ಪ್ರಕಟಿಸಿದ ಆರಂಭಿಕ ಅಧ್ಯಯನದಲ್ಲಿ, ತೀವ್ರ ನಾಚಿಕೆ ಮತ್ತು ಆತ್ಮನಿಂದನೆ ಇದ್ದವರ ಒಂದು ಚಿಕ್ಕ ಗುಂಪು 12 ಸೆಷನ್‌ಗಳ ತರಬೇತಿ ಪಡೆಯಿತು. ಅವರಲ್ಲಿ ನಾಚಿಕೆ, ಖಿನ್ನತೆ, ಆತಂಕ ಎಲ್ಲವೂ ಕಡಿಮೆಯಾದವು. ನೆಫ್ ಮತ್ತು ಗರ್ಮರ್ ಸೇರಿ ರೂಪಿಸಿದ 8 ವಾರಗಳ ತರಬೇತಿ ಕೂಡ ಗುಂಪಿನಲ್ಲೇ ನಡೆಯುತ್ತದೆ. ಆದರೆ ಅದು ಕಲಿಕೆಯ ತರಗತಿ, ಥೆರಪಿಯ ಜಾಗದಲ್ಲಿ ಇಡುವಂಥದ್ದಲ್ಲ. ತಾನು ವರ್ಷಗಟ್ಟಲೆ ಮುಚ್ಚಿಟ್ಟ ಮಾತನ್ನೇ ಪಕ್ಕದಲ್ಲಿ ಕೂತವರೂ ಹೇಳುವುದನ್ನು ಕೇಳಿದಾಗ, "ನನಗೊಬ್ಬಳಿಗೇ" ಎಂಬುದು ತಾನಾಗಿ ಸಡಿಲವಾಗುತ್ತದೆ.

ಬದಲಾವಣೆ ಗೊತ್ತಾಗುವುದು ಹೇಗೆ

ನಾಚಿಕೆ ಪೂರ್ತಿ ಮಾಯವಾಗುತ್ತದೆ ಎಂದು ಕಾಯಬೇಡಿ. ಗಮನಿಸಬೇಕಾದದ್ದು ಅದರಿಂದ ಎದ್ದು ಬರಲು ಬೇಕಾಗುವ ಹೊತ್ತನ್ನು. ಮೊದಲು ಒಂದು ಮಾತಿಗೆ ವಾರಗಟ್ಟಲೆ ಕೊರಗುತ್ತಿದ್ದವರು ಈಗ ಸಂಜೆಯೊಳಗೆ ಸುಧಾರಿಸಿಕೊಳ್ಳಬಹುದು. ಥೆರಪಿಯಲ್ಲಿ ಹೇಳದೆ ಉಳಿಸಿಕೊಂಡ ವಿಷಯಗಳು ಕಡಿಮೆಯಾಗುತ್ತವೆ. ಬೈಯುವ ದನಿ ಶುರುವಾದ ಕೂಡಲೇ "ಓ, ನೀನು ಬಂದೆಯಾ" ಎಂದು ಗುರುತು ಸಿಗುತ್ತದೆ. ಅಂಕದಲ್ಲಿ ನೋಡಬೇಕೆನ್ನುವವರಿಗೆ ಸ್ವಕರುಣೆಯನ್ನು ಅಳೆಯಲು ನೆಫ್ ರೂಪಿಸಿದ 26 ಪ್ರಶ್ನೆಗಳ ಪಟ್ಟಿ ಇದೆ. ಅದನ್ನು ಥೆರಪಿಯ ಮೊದಲು ಮತ್ತು ಕೆಲವು ತಿಂಗಳ ನಂತರ ತುಂಬಿ ಹೋಲಿಸಬಹುದು.

ಹಳೆಯ ನಾಚಿಕೆ ಮತ್ತೆ ಜೋರಾಗಿ ಬರುವ ದಿನಗಳು ಇರುತ್ತವೆ. ಹೊಸ ಕೆಲಸ, ಮುರಿದ ಸಂಬಂಧ, ಹಳೆಯ ಪರಿಚಯದವರ ಭೇಟಿ, ಇಂಥ ಹೊತ್ತಿನಲ್ಲಿ ಹೆಚ್ಚು. ಆಗ ಹತ್ತನೇ ಹೆಜ್ಜೆಯನ್ನು ಹಿಡಿದುಕೊಂಡು ಹೆಣಗಬೇಡಿ. ನಾಲ್ಕನೆಯದಕ್ಕೆ ಹೋಗಿ, ಪಾದ ನೆಲಕ್ಕೆ ಊರಿ, ಉಸಿರು ನಿಧಾನ ಮಾಡಿ, ಪತ್ರವನ್ನು ತೆಗೆದು ಓದಿ. ಎರಡು ವಾರವಾದರೂ ಜಗ್ಗದಿದ್ದರೆ, ಅಥವಾ ಬದುಕು ಬೇಡ ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ, ಥೆರಪಿಸ್ಟ್‌ಗೆ ಫೋನ್ ಮಾಡಿ. ಥೆರಪಿ ಮುಗಿಸುವಾಗಲೇ "ಹೀಗಾದರೆ ನಾನು ಮತ್ತೆ ಬರಬಹುದೇ?" ಎಂದು ಕೇಳಿಟ್ಟುಕೊಂಡಿದ್ದರೆ ಆ ಫೋನ್ ಮಾಡುವುದು ಸುಲಭವಾಗುತ್ತದೆ.